ಬಹುವಚನ

ಸೆಪ್ಟೆಂಬರ್ 14, 1953. ಸೋಮವಾರ

ಪ್ಯಾರಿಸ್ಸಿನಿಂದ ಬಂದು, ದಿಯೆಪ್ ಬಂದರು ದಾಟಿದರೆ ಕಡಲ ಅಂಚಿನಲ್ಲಿ ಒಂದು ಹಳ್ಳಿ. ಹೋಟೆಲಿನಲ್ಲಿ ಹಾಸಿಗೆ ತಣ್ಣಗೆ, ಕಾಫಿ ತಣ್ಣಗೆ, ಮಾಲೀಕಳ ಮೋರೆ ಅದಕ್ಕಿಂತ ತಣ್ಣಗೆ. ನಾಲ್ಕು ವರ್ಷ ಯಾರೂ ಕರೆಯದೆ ಮನೆಯಲ್ಲಿ ಕೂತ ಮೇಲೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಒರ್ತಾನ್ಸ್ ದೆಲ್ಮಾರ್ ಎಂಬ ನಾನು ಇಲ್ಲಿಗೆ ತಾಯಿಯ ಪಾತ್ರ ಮಾಡಲು ಬಂದಿದ್ದೇನೆ. ಮೀನುಗಾರನ ವಿಧವೆ. ತಲೆಗೆ ಕಪ್ಪು ಬಟ್ಟೆ, ಕಾಲಿಗೆ ಮರದ ಜೋಡು. ನನಗೆ ವರ್ಷಗಟ್ಟಲೆ ಬಟ್ಟೆ ತೊಡಿಸಿದ ಜೇಲಿ ಕನ್ನಡಿ ಹಿಡಿದು, "ಕಪ್ಪು ನಿನಗೆ ಒಪ್ಪುತ್ತೆ ಬಿಡು" ಅಂದಳು. "ಹೆಣಕ್ಕೆ ಹೂವು ಒಪ್ಪೋ ಹಾಗಾ?" ಅಂದೆ. ಅವಳು ಬಾಯಿಗೆ ಸೂಜಿ ಕಚ್ಚಿಕೊಂಡು ಬಟ್ಟೆಯ ಅಂಚು ಹಿಡಿದಳು.

ಈ ಪಾತ್ರ ಒಪ್ಪಿದ್ದು ಒಂದೇ ಒಂದು ದೃಶ್ಯಕ್ಕಾಗಿ. ತಾಯಿ ಕಿಟಕಿಯ ಬಳಿ ನಿಂತು, ಕಡಲಲ್ಲಿ ಸತ್ತ ಗಂಡ ಎಂಥವನಾಗಿದ್ದ ಎಂದು ಮಗಳಿಗೆ ಒಂದೇ ಉಸಿರಿಗೆ ಹೇಳುತ್ತಾಳೆ. ಉದ್ದ ಮಾತು, ಒಳ್ಳೆಯ ಮಾತು. ಅದು ತೆರೆಯ ಮೇಲೆ ಬಂದರೆ ನನಗೆ ಇನ್ನೂ ಹತ್ತು ವರ್ಷ ಕೆಲಸವಿದೆ. ಬರದಿದ್ದರೆ ಇಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ನನಗಿಂತ ಚೆಲುವೆಯರು ಎಷ್ಟೋ ಜನ ಇದ್ದರು. ಚಿತ್ರಗಳಿಗೆ ಮಾತು ಬಂದಾಗ ಅವರೆಲ್ಲ ತರಗೆಲೆಯ ಹಾಗೆ ಉದುರಿದರು, ನನ್ನನ್ನು ಉಳಿಸಿದ್ದು ಧ್ವನಿ. ಈಗಲೂ ಅದೇ ಉಳಿಸಬೇಕು.

ನನ್ನ ಮಗಳಾಗುವವಳು ಸ್ವಾಜಿಕ್ ಅಂತೆ. ಬ್ರೆತಾನ್ಯದ ದ್ವಾರ್ನನೇ ಊರಿನ ಸಾರ್ಡೀನ್ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸುತ್ತಿದ್ದಳು. ನಿರ್ದೇಶಕ ರೂವ್ರೇ ಬಂದರಿನಲ್ಲಿ ನೋಡಿ ಎತ್ತಿಕೊಂಡು ಬಂದಿದ್ದಾನೆ. ನಾಟಕದ ಹಲಗೆ ಹತ್ತಿದವಳಲ್ಲ, ಒಂದು ಪಾಠ ಕಲಿತವಳಲ್ಲ. ಸೀದಾ ನನ್ನ ಕೋಣೆಗೆ ನುಗ್ಗಿದಳು.

"ಮೇಡಂ, ನಾ ಸ್ವಾಜಿಕ್ ರೀ. ನಿಮ್ಮ ಮಗಳು."

ಜೇಲಿಗೆ ನಗು ತಡೆಯಲಾಗಲಿಲ್ಲ. ನಾನು ನಗಲಿಲ್ಲ. "ನೀವು ಬಾಗಿಲು ತಟ್ಟಿ ಬರಬೇಕಿತ್ತು" ಅಂದೆ. ದೀಪ ಹಿಡಿಯುವವನಿಂದ ನಾಯಕಿಯವರೆಗೆ ಎಲ್ಲರೂ ಎಲ್ಲರಿಗೂ 'ನೀನು' ಅನ್ನುವ ನಮ್ಮ ಕಸುಬಿನಲ್ಲಿ 'ನೀವು' ಅನ್ನುವುದಕ್ಕಿಂತ ದೊಡ್ಡ ಕಪಾಳಮೋಕ್ಷ ಇನ್ನೊಂದಿಲ್ಲ. ಮೊದಲ ದಿನವೇ ಕೊಟ್ಟೆ.

ಸೆಪ್ಟೆಂಬರ್ 17

ಇವತ್ತು ದೋಣಿಯ ದೃಶ್ಯ. ಎಲ್ಲ ಸಿದ್ಧವಾಗಿ, ರೂವ್ರೇ ಕೈ ಎತ್ತಿ, ಇನ್ನೇನು ಶುರು ಅನ್ನುವಾಗ ಆ ಹುಡುಗಿ ಗಟ್ಟಿಯಾಗಿ, "ಈ ಹಗ್ಗ ತಪ್ಪು ಕಟ್ಟೀರಿ" ಅಂದಳು.

ಎಲ್ಲರೂ ಕಲ್ಲಾದರು. ಆ ಪದ ನಮ್ಮಲ್ಲಿ ಯಾರೂ ಆಡುವುದಿಲ್ಲ. ಎಳೆ ಅನ್ನುತ್ತೇವೆ, ದಾರ ಅನ್ನುತ್ತೇವೆ, ಅದನ್ನು ಮಾತ್ರ ಅನ್ನುವುದಿಲ್ಲ. ಅಂದವರು ಅಪಶಕುನ ಕಳೆಯಲು ಇಡೀ ತಂಡಕ್ಕೆ ಕುಡಿಸಬೇಕು. ಧ್ವನಿ ಹಿಡಿಯುವ ತೇವ್ನಾನ್ ಕಿವಿಯ ಮೇಲಿನ ಯಂತ್ರ ತೆಗೆದು ಅವಳಿಗೆ ಇದನ್ನು ವಿವರಿಸಿದ.

"ಹೌದೇನ್ರಿ? ನಮ್ಮ ದೋಣ್ಯಾಗ 'ಮೊಲ' ಅನ್ನಂಗಿಲ್ಲ ನೋಡ್ರಿ. ಅಂದ್ರ ಆ ದಿನ ದೋಣಿನ ಇಳಿಸಂಗಿಲ್ಲ."

"ಕಡಲಲ್ಲಿ ಮೊಲಕ್ಕೇನು ಕೆಲಸ?" ಅಂದ ತೇವ್ನಾನ್.

"ಸಿನಿಮಾದಾಗ ಹಗ್ಗಕ್ಕೇನ್ ಕೆಲಸ?" ಅಂದಳು. ಎರಡನೇ ಸಲ ಅಂದಂತಾಯಿತು. ಎರಡು ಸುತ್ತು ಕುಡಿಸಬೇಕಾಯಿತು.

ಸಂಜೆ ಸೇಬಿನ ಸಾರಾಯಿಯ ಲೋಟ ಹಿಡಿದು ನನ್ನ ಮೇಜಿಗೂ ಬಂದಳು. "ನೀವು ಕುಡಿಯಿರಿ, ನನಗೆ ಬೇಡ" ಅಂದೆ. ತಲೆಬಾಗಿ ಹೋದಳು. ಮೊಲದ ಮಾತಿಗೆ ನನಗೂ ನಗು ಬಂದಿತ್ತು, ಆದರೆ ನನ್ನ ನಗು ನನ್ನ ಹತ್ತಿರ ಇರಲಿ.

ಸೆಪ್ಟೆಂಬರ್ 25

ತೆಗೆದ ರೀಲುಗಳನ್ನು ದಿಯೆಪ್‌ನ ಚಿತ್ರಮಂದಿರದಲ್ಲಿ ಹಾಕಿ ನೋಡಿದೆವು. ಕ್ಯಾಮೆರಾ ಆ ಹುಡುಗಿಯನ್ನು ಕಂಡರೆ ಸಾಕು, ಬೆಕ್ಕು ತೊಡೆ ಏರುವ ಹಾಗೆ ಏರಿ ಕೂರುತ್ತದೆ. ನಾನು ಪಕ್ಕದಲ್ಲಿ ಗೋಡೆಯ ಹಾಗೆ ನಿಂತಿದ್ದೇನೆ, ಒಳ್ಳೆಯ ಗೋಡೆ. ಮಾತು ಮಾತ್ರ ಕೇಳಲಾಗುವುದಿಲ್ಲ. ನಿಜವಾದ ಮನೆ, ನಿಜವಾದ ಗಾಳಿ ಬೇಕೆಂದು ರೂವ್ರೇ ಎಲ್ಲವನ್ನೂ ಇಲ್ಲೇ ತೆಗೆಯುತ್ತಿರುವುದರಿಂದ ಗಾಳಿ ಎಲ್ಲರ ಮಾತನ್ನೂ ನುಂಗಿದೆ. ತೇವ್ನಾನ್ ಹಿಡಿಯುವ ಧ್ವನಿ ಬರೀ ಗುರುತಿಗೆ. ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ನಾವೆಲ್ಲ ಚಿತ್ರ ನೋಡುತ್ತ ನಮ್ಮ ನಮ್ಮ ಮಾತುಗಳನ್ನು ಮತ್ತೆ ಆಡಬೇಕು.

ರೂವ್ರೇ ನನ್ನನ್ನು ಹೊರಗೆ ಕರೆದ.

"ಒರ್ತಾನ್ಸ್, ಅವಳಿಗೆ ಮಾತು ಕಲಿಸು. ಬಾಯಿ ಬಿಟ್ಟರೆ ಮೀನಿನ ವಾಸನೆ ಬರುತ್ತೆ."

"ನಾನೇನು ಶಾಲೆ ಮೇಡಂ ಏನೋ?"

"ನಿನ್ನ ಬಾಯಿ ಅವಳಿಗೆ ಕೊಡು. ಎಲ್ಲಿ ಉಸಿರು ತಗೋಬೇಕು, ಎಲ್ಲಿ ಬಿಡಬೇಕು, ಅಷ್ಟೇ."

"ನನ್ನ ಕಿಟಕಿ ದೃಶ್ಯ?"

"ಒಂದು ಮಾತೂ ಕತ್ತರಿಸಲ್ಲ."

"ಆಣೆ ಮಾಡು."

"ನನ್ನ ಮೂರನೇ ಹೆಂಡತಿ ಆಣೆ."

"ಅವಳು ನಿನ್ನ ಬಿಟ್ಟು ಹೋದಳಲ್ಲೋ."

"ಅದಕ್ಕೇ ಅವಳ ಮೇಲೆ" ಅಂದ. ಇಷ್ಟು ವರ್ಷದಲ್ಲಿ ಇವನು ಬದಲಾಗಿದ್ದು ಹೊಟ್ಟೆಯ ಸುತ್ತಳತೆಯಲ್ಲಿ ಮಾತ್ರ. ಒಪ್ಪಿಕೊಂಡೆ.

ಅಕ್ಟೋಬರ್ 3

ದಿನಾ ಬೆಳಿಗ್ಗೆ ಪಾಠ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂದುಕೊಂಡಿದ್ದೆ, ಹಾಗಿಲ್ಲ. ಅವಳಿಗೆ ಕಿವಿಯಿದೆ. ನಾನು ಉಸಿರೆಳೆದರೆ ಅವಳೂ ಎಳೆಯುತ್ತಾಳೆ, ನಾನು ಮಾತಿನ ನಡುವೆ ತಡೆದರೆ ಅಲ್ಲೇ ತಡೆಯುತ್ತಾಳೆ. ಒಂದು ಪದ ಮಾತ್ರ ಬಗ್ಗುತ್ತಿಲ್ಲ. 'ಅಮ್ಮಾ' ಅನ್ನಲು ಹೇಳಿದರೆ 'ಅಮ್ಮ್' ಎಂದು ತುಟಿ ಮುಚ್ಚಿ ನಿಲ್ಲಿಸಿಬಿಡುತ್ತಾಳೆ.

"ಕೊನೆಗೆ ಬಾಯಿ ತೆರೆದಿರಬೇಕು. ನೀವು ಬಾಗಿಲು ಹಾಕಿಕೊಳ್ಳುತ್ತಿದ್ದೀರಿ."

"ನಮ್ಮ ಕಡೆ ಹಿಂಗ ರೀ. ಬಾಯಿ ತೆರೆದ್ರ ಗಾಳಿ ಹೊಕ್ಕೊಂಡು ಬಿಡ್ತೈತಿ."

ನೂರು ಸಲ ಹೇಳಿಸಿದೆ. ನೂರಾ ಒಂದನೆಯದು ಮತ್ತೆ 'ಅಮ್ಮ್'.

ಅಕ್ಟೋಬರ್ 12

ನನ್ನ ಎರಡು ದೃಶ್ಯಗಳನ್ನು ರೂವ್ರೇ ತೆಗೆದುಹಾಕಿದ. ಆ ಸಮಯವೂ ಅವಳಿಗೆ. ನನಗೇನೂ ಅನ್ನಿಸಲಿಲ್ಲ, ಸ್ವಲ್ಪವೂ ಇಲ್ಲ. ತಟ್ಟೆ ನೆಲಕ್ಕೆ ಬಿದ್ದದ್ದು ಕೈ ಜಾರಿ. ಕಿಟಕಿಯ ದೃಶ್ಯ ಇದೆ, ಅಷ್ಟು ಸಾಕು.

ಇಡೀ ಮಧ್ಯಾಹ್ನ ಅವಳನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿದ್ದ. ಮೀನುಗಾರರ ಮಗಳಾದರೂ ಈಜು ಬರುವುದಿಲ್ಲವಂತೆ. ಅವರಲ್ಲಿ ಯಾರೂ ಕಲಿಯುವುದಿಲ್ಲ, ಕಲಿತರೆ ಸಾಯುವುದು ತಡವಾಗುತ್ತದೆ ಅಷ್ಟೇ ಅನ್ನುತ್ತಾರಂತೆ. ತುಟಿ ನೀಲಿಯಾಗಿತ್ತು. ನನ್ನ ಉಣ್ಣೆಯ ಕಾಲುಚೀಲ ಅವಳಿಗೆ ಕೊಡಲು ಜೇಲಿಗೆ ಹೇಳಿದೆ. ಅವಳಿಗೆ ನೆಗಡಿಯಾದರೆ ಚಿತ್ರೀಕರಣ ನಿಲ್ಲುತ್ತದೆ, ನನ್ನ ದೃಶ್ಯ ಮುಂದೆ ಹೋಗುತ್ತದೆ. ಜೇಲಿ ಒಂದು ಥರ ನೋಡಿದಳು. ಇವಳಿಗೆ ಇತ್ತೀಚೆಗೆ ಸಲಿಗೆ ಜಾಸ್ತಿಯಾಗಿದೆ.

ಅಕ್ಟೋಬರ್ 20

ಇವತ್ತು ಪಾಠ ಮುಗಿದ ಮೇಲೂ ಅವಳು ಏಳಲಿಲ್ಲ. ಬೆರಳುಗಳ ತುಂಬ ಹಳೆಯ ಕತ್ತಿಯ ಗಾಯ, ಅದನ್ನೇ ಸವರುತ್ತ ಕೂತಿದ್ದಳು.

"ಮೇಡಂ, ಒಂದು ಮಾತು ಹೇಳ್ಲೇನ್ರಿ? ಬೈಬಾರದು."

"ಹೇಳಿ."

"ಕಾರ್ಖಾನ್ಯಾಗ ಮೇಸ್ತ್ರಿ ನನಗ 'ನೀನು' ಅಂತಿದ್ದ. ಪಾದ್ರಿಗಳು 'ನೀನು'. ದೋಣಿ ಸಾಹುಕಾರನ ಮಗ, ನನಕಿಂತ ಸಣ್ಣವ, ಅವನೂ 'ನೀನು'. ಇಲ್ಲಿ ಬಂದ್ರ ಇಲ್ಲೂ ಎಲ್ಲಾರೂ ಹಂಗೇ. ನನಗ 'ನೀವು' ಅಂದೋರು ಜನ್ಮದಾಗ ನೀವೊಬ್ರೇ ರೀ. ಮೊದಲನೇ ದಿನದಿಂದ." ಬೆರಳು ಸವರುವುದು ಬಿಟ್ಟು, "ನಮ್ಮಮ್ಮಗ ಹೇಳಿ ಕಳಿಸೀನಿ. ಅಷ್ಟು ದೊಡ್ಡ ನಟಿ ನನಗ ಬಹುವಚನ ಕೊಟ್ಟು ಮಾತಾಡಸ್ತಾರ ಅಂತ. ಓಣಿ ತುಂಬ ಸುದ್ದಿ ಮಾಡಿರ್ತಾಳ" ಅಂದಳು.

ಏನು ಹೇಳಲಿ? ಹೊಡೆದದ್ದನ್ನು ಅವಳು ಹಾರ ಹಾಕಿದ್ದು ಅಂದುಕೊಂಡು ಐದು ವಾರದಿಂದ ಕುತ್ತಿಗೆಯಲ್ಲಿ ಧರಿಸಿಕೊಂಡು ಓಡಾಡುತ್ತಿದ್ದಾಳೆ. ಈಗ 'ನೀನು' ಅಂದರೆ ಅವಳಿಗೆ ಅವಮಾನ, 'ನೀವು' ಅಂದರೆ ನನಗೆ. "ನಾಳೆ ಬೇಗ ಬನ್ನಿ" ಅಂದೆ. ತಲೆ ನೋಯುತ್ತಿದೆ, ಗಾಳಿಯಿಂದಲೇ ಇರಬೇಕು.

ಅಕ್ಟೋಬರ್ 27

ಕಿಟಕಿಯ ದೃಶ್ಯ ಮುಗಿಯಿತು. ಒಂದೇ ಸಲ. ಒಂದು ಕ್ಯಾಮೆರಾ ನನ್ನ ಮೇಲೆ, ಇನ್ನೊಂದು ನನ್ನ ಬೆನ್ನ ಹಿಂದಿನಿಂದ ಹುಡುಗಿಯ ಮೇಲೆ, ಎರಡನೆಯ ಸಲ ಬೇಕಾಗಲಿಲ್ಲ.

ಆರಂಭದ ಮಾತು ಆಡಿದ್ದು ನೆನಪಿದೆ, ಆಮೇಲೆ ಏನಾಯಿತೋ ಗೊತ್ತಿಲ್ಲ. ಮುಗಿದಾಗ ದೀಪದವರು, ಬಡಗಿಗಳು, ಎಲ್ಲರೂ ಚಪ್ಪಾಳೆ ಹೊಡೆದರು. ತೇವ್ನಾನ್ ಮೂಗು ಒರೆಸಿಕೊಂಡ. ರೂವ್ರೇ ನನ್ನ ಹಣೆಗೆ ಮುತ್ತಿಟ್ಟು, "ನೀನಿನ್ನೂ ಸತ್ತಿಲ್ಲ ಕಣೇ" ಅಂದ. ಎದುರಿಗೆ ಕೂತು ಕೇಳುತ್ತಿದ್ದ ಹುಡುಗಿ ಎದ್ದೇ ಇರಲಿಲ್ಲ. ಕೊನೆಗೆ ಅವಳು ಆಡಬೇಕಾದ ಒಂದೇ ಮಾತು 'ಅಮ್ಮಾ'. ಅದನ್ನು ಮತ್ತೆ ತುಟಿ ಮುಚ್ಚಿಯೇ ಅಂದಿದ್ದಳು. ರೂವ್ರೇ ಗಮನಿಸಲಿಲ್ಲ. ನಾನು ಗಮನಿಸಿದೆ, ಬೈಯಲಿಲ್ಲ.

ನನಗೆ ಸಂತೋಷವಾಗಿದೆ. ಎಷ್ಟೋ ವರ್ಷದ ಮೇಲೆ ಈ ಪದ ಬರೆಯುತ್ತಿದ್ದೇನೆ.

ಅಕ್ಟೋಬರ್ 30

ಚಿತ್ರೀಕರಣ ಮುಗಿಯಿತು. ದಿಯೆಪ್‌ನ ಹೋಟೆಲಿನಲ್ಲಿ ಎಲ್ಲರಿಗೂ ಊಟ. ಹಳ್ಳಿಯಿಂದ ಹೊರಡುವಾಗ ಅವಳು ಓಡಿಬಂದು, "ಮೇಡಂ, ನಿಮ್ಮ ಕಾರಿನ್ಯಾಗ ಬರ್ಲೇನ್ರಿ?" ಅಂದಳು. ಜಾಗವಿತ್ತು, ಪೆಟ್ಟಿಗೆ ಸರಿಸಿದರೆ ಆಗುತ್ತಿತ್ತು. ಆದರೆ ಇವತ್ತು ನನಗೆ ನನ್ನ ಜೊತೆ ಇರಬೇಕಿತ್ತು, ಆ ಚಪ್ಪಾಳೆ ಇನ್ನೊಮ್ಮೆ ನೆನೆಯಬೇಕಿತ್ತು. "ನೀವು ನಿಮ್ಮ ವಯಸ್ಸಿನವರ ಜೊತೆ ಬನ್ನಿ, ಮಜವಾಗಿರುತ್ತೆ" ಅಂದೆ. ಕ್ಯಾಮೆರಾ ಸಹಾಯಕನ ಸ್ಕೂಟರ್ ಹತ್ತಿದಳು. ಕೈ ಬೀಸಿದಳು.

ಎಲ್ಲರೂ ಬಂದು ಕೂತಾಗಿದೆ, ಅವರಿಬ್ಬರು ಮಾತ್ರ ಇಲ್ಲ. ಎಲ್ಲಿ ನಿಂತು ಹರಟುತ್ತಿದ್ದಾರೋ. ತಟ್ಟೆಗೆ ಕಡಲ ಸಿಂಪಿ ತಂದಿಟ್ಟು ಅರ್ಧ ಗಂಟೆಯಾಯಿತು. ಹಸಿವಾಗುತ್ತಿದೆ.

ನವೆಂಬರ್ 2

ಸತ್ತುಹೋದಳು.

ಸಕ್ಕರೆ ಗೆಡ್ಡೆಯ ಲಾರಿಗಳು ರಸ್ತೆಯ ತುಂಬ ಕೆಸರು ಚೆಲ್ಲಿದ್ದವು. ತಿರುವಿನಲ್ಲಿ ಸ್ಕೂಟರ್ ಜಾರಿತು. ಆ ಹುಡುಗನಿಗೆ ಕೈ ಮುರಿದಿದೆ, ಅಷ್ಟೇ. ಅವಳನ್ನು ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ದ್ವಾರ್ನನೇಗೆ ಕಳಿಸಿದರು. ರೂವ್ರೇ ಜೊತೆಗೆ ಹೋದ. ನಾನು ಹೋಗಲಿಲ್ಲ. ಇವತ್ತು ಸತ್ತವರ ದಿನ, ಪ್ಯಾರಿಸ್ಸಿನ ಬೀದಿಬೀದಿಯಲ್ಲಿ ಸಮಾಧಿಗೆ ಒಯ್ಯುವ ಸೇವಂತಿಗೆ. ಕಿಟಕಿ ಮುಚ್ಚಲು ಜೇಲಿಗೆ ಹೇಳಿದೆ.

ನವೆಂಬರ್ 26

ತೇವ್ನಾನ್ ಬಂದಿದ್ದ. ಹೇಳಲು ಏನೋ ಇದೆ, ಹೇಳಲಾರ. ಎರಡು ಕಪ್ ಕಾಫಿ ಕುಡಿದ ಮೇಲೆ ಬಾಯಿ ಬಿಟ್ಟ. ಚಿತ್ರ ಡಬ್ಬದಲ್ಲೇ ಕೊಳೆಯುವ ಹಾಗಿದೆ. ಅವಳ ಧ್ವನಿ ಇಲ್ಲ, ಇರುವುದು ಗಾಳಿ ತಿಂದ ಗುರುತಿನ ಧ್ವನಿ. ಮೂವರು ಎಳೆಯ ನಟಿಯರನ್ನು ಕರೆಸಿ ಅವಳ ಮಾತು ಆಡಿಸಿ ನೋಡಿದರಂತೆ.

"ಒಬ್ಬರದೂ ಕೂರಲಿಲ್ಲ. ಅವಳು ಉಸಿರು ತಗೊಳ್ಳೋ ಜಾಗದಲ್ಲಿ ಇವರು ಮಾತಾಡ್ತಾರೆ, ಅವಳು ಮಾತಾಡೋ ಜಾಗದಲ್ಲಿ ಇವರು ಉಸಿರು ತಗೊಳ್ತಾರೆ."

"ಸರಿ, ಮತ್ತೆ?"

"ಆ ಉಸಿರು ನಿನ್ನದು, ಒರ್ತಾನ್ಸ್. ನೀನು ಕಲಿಸಿದ್ದು."

ನಾನು ಅವನಿಗೆ ಕೋಟು ತಂದು ಕೊಟ್ಟೆ.

ನವೆಂಬರ್ 28

ರೂವ್ರೇ ಹೂವು ಹಿಡಿದು ಬಂದ. ಇವನು ಹೂವು ತಂದರೆ ನಾನು ಏನೋ ಕಳೆದುಕೊಳ್ಳುವುದಿದೆ ಅಂತಲೇ ಅರ್ಥ.

"ಧ್ವನಿಗೆ ವಯಸ್ಸಾಗಲ್ಲ. ನೀನು ಸ್ವಲ್ಪ ಮೇಲೆ ಎತ್ತಿ ಆಡಿದರೆ ಇಪ್ಪತ್ತರ ಹುಡುಗಿ."

"ಆಡಿದೆ ಅಂತಿಟ್ಕೋ. ತಾಯಿಯ ಮಾತು ಯಾರು ಆಡೋದು?"

ಅವನು ನೆಲ ನೋಡಿದ. "ಒಂದೇ ಧ್ವನಿ ಇಬ್ಬರ ಬಾಯಲ್ಲಿ ಬಂದರೆ ಜನಕ್ಕೆ ಗೊತ್ತಾಗುತ್ತೆ. ಸಣ್ಣಪುಟ್ಟ ಮಾತು ಬೇರೆ ಯಾರಾದರೂ ಆಡ್ತಾರೆ."

"ಕಿಟಕಿ?"

"ಅದನ್ನ ಬೇರೆಯವರು ಆಡಕ್ಕಾಗಲ್ಲ. ನಿನಗೇ ಗೊತ್ತು." ಟೋಪಿ ತಿರುಗಿಸಿದ. "ತಾಯಿ ಸುಮ್ಮನೆ ನಿಂತಿರ್ತಾಳೆ. ಮಗಳು ನೋಡ್ತಾಳೆ. ಅದೂ ಚೆನ್ನಾಗೇ ಬರುತ್ತೆ. ನೀನು ಮೂಕಿ ಕಾಲದವಳೇ ತಾನೆ?"

ಹೊಡೆಯಬೇಕೆನ್ನಿಸಿತು. ಕೂಗಾಡಿದೆ. ಮೂರನೇ ಹೆಂಡತಿಯ ಆಣೆ ನೆನಪಿಸಿದೆ, ಅವನ ಹೊಟ್ಟೆಯ ಬಗ್ಗೆಯೂ ಹೇಳಿದೆ. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಬೆಲೆಯಿಲ್ಲ. ಎಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತು, "ಇನ್ನೊಂದಿದೆ. ಯಾರಿಗೂ ಗೊತ್ತಾಗಬಾರದು. ಅದು ಅವಳದೇ ಧ್ವನಿ ಅಂತ ಇರಬೇಕು. ಬೇಡ ಅಂದರೆ ಬೇಡ, ಡಬ್ಬ ಮುಚ್ಚಿಡ್ತೀವಿ. ಯಾರೂ ಅವಳನ್ನ ನೋಡಲ್ಲ" ಅಂದ.

ನನ್ನನ್ನೂ ಯಾರೂ ನೋಡುವುದಿಲ್ಲ. ಡಬ್ಬ ಮುಚ್ಚಿದರೆ ಕಿಟಕಿಯ ದೃಶ್ಯವೂ ಅದರೊಳಗೇ. ಆದರೆ ಆಗ ಅದು ಕತ್ತರಿಸಿದ ದೃಶ್ಯವಾಗಿರುವುದಿಲ್ಲ, ನನ್ನದಾಗಿಯೇ ಇರುತ್ತದೆ. ಬೇಡ ಅನ್ನುತ್ತೇನೆ.

ಡಿಸೆಂಬರ್ 5

ಆ ಎಳೆಯ ನಟಿಯರು ಆಡಿದ್ದನ್ನು ಕೇಳಿಸು ಎಂದು ತೇವ್ನಾನ್‌ನನ್ನು ಕೇಳಿದೆ. ಕೇಳಿಸಿದ. ಶಾಲೆಯ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ. ಒಬ್ಬಳಂತೂ ನೀರಿನಲ್ಲಿ ನಿಂತು ನಡುಗುವಾಗ ಆಡುವ ಮಾತನ್ನು ಸೋಫಾದಲ್ಲಿ ಕೂತ ಹಾಗೆ ಆಡುತ್ತಾಳೆ. ಸಹಿಸಲಾಗಲಿಲ್ಲ. ಒಪ್ಪಿಕೊಂಡೆ. ಕಸುಬಿನ ಮರ್ಯಾದೆಗೆ ಒಪ್ಪಿದ್ದು, ಬೇರೇನಕ್ಕೂ ಅಲ್ಲ.

ಡಿಸೆಂಬರ್ 14

ಕತ್ತಲೆ ಕೋಣೆ. ತೆರೆಯ ಮೇಲೆ ಅವಳು, ಕೆಳಗೆ ಕೈಬರಹದ ಮಾತುಗಳ ಪಟ್ಟಿ ಓಡುತ್ತದೆ. ಅವಳು ಎಳೆದ ಕಡೆ ಅಕ್ಷರಗಳನ್ನೂ ಎಳೆದು ಬರೆದಿದ್ದಾರೆ, ಗಡಿಬಿಡಿಯಲ್ಲಿ ಅಂದ ಕಡೆ ಒತ್ತೊತ್ತಾಗಿ. ಅಕ್ಷರ ತೆರೆಯ ಮೇಲೆ ಎಳೆದ ಗೆರೆಗೆ ಬಂದ ಕ್ಷಣ ನಾನು ಅನ್ನಬೇಕು. ಎಲ್ಲರೂ ಪಟ್ಟಿ ನೋಡಿ ಆಡುತ್ತಾರೆ, ನನಗೆ ಪಟ್ಟಿ ಬೇಕಾಗಲಿಲ್ಲ. ಅವಳ ಭುಜ ಮೇಲೇಳುವುದು ನೋಡಿದರೆ ಸಾಕು, ನನ್ನ ಎದೆಯೂ ತುಂಬಿಕೊಳ್ಳುತ್ತದೆ. ನೀರಿನ ದೃಶ್ಯ ಮಾಡುವಾಗ ನನ್ನ ಹಲ್ಲು ನಿಜವಾಗಿ ಕಟಕಟಿಸಿತು. ತೇವ್ನಾನ್ ಓಡಿಬಂದು ಶಾಲು ಹೊದಿಸಿದ.

ನನ್ನ ಕಾಲುಚೀಲ ಹಾಕಿಕೊಂಡಿದ್ದಾಳೆ ಆ ದೃಶ್ಯದ ನಂತರದ್ದರಲ್ಲಿ. ಈಗ ಕಣ್ಣಿಗೆ ಬಿತ್ತು.

ಡಿಸೆಂಬರ್ 17

ಇವತ್ತು ಕಿಟಕಿ. ನಾನು ಮೂಕಿ. ನನ್ನ ಮಾತಿನ ಜಾಗದಲ್ಲೆಲ್ಲ ನನ್ನ ಬೆನ್ನು, ಆಮೇಲೆ ಬಹಳ ಹೊತ್ತು ಅವಳ ಮುಖ. ಕೇಳುತ್ತಿದ್ದಾಳೆ. ಅಷ್ಟು ಮಾತಾಡುವಾಗ ನಾನು ಒಮ್ಮೆಯೂ ಅವಳನ್ನು ನೋಡಿರಲಿಲ್ಲ ಅಂತ ಇವತ್ತು ಗೊತ್ತಾಯಿತು. ಎಷ್ಟು ಚೆನ್ನಾಗಿ ಕೇಳಿಸಿಕೊಂಡೆ ನೀನು. ಯಾರು ಕಲಿಸಿದರು ನಿನಗೆ? ನಾನಂತೂ ಅಲ್ಲ.

ಕೊನೆಯ ಮಾತಿಗೆ ಜಗಳವಾಯಿತು. ಪಟ್ಟಿಯಲ್ಲಿ 'ಅಮ್ಮಾ' ಎಂದು ಬರೆದಿತ್ತು. ನಾನು 'ಅಮ್ಮ್' ಎಂದು ತುಟಿ ಮುಚ್ಚಿದೆ.

"ಅದೇನದು? ಹಳ್ಳಿ ಗಮಾರಿ ಹಾಗೆ. ಸರಿಯಾಗಿ ಅನ್ನು" ಅಂದ ರೂವ್ರೇ.

"ಅವಳ ತುಟಿ ನೋಡು. ಮುಚ್ಚಿದೆ."

"ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಬೇಕಾದರೆ ಇನ್ನೊಬ್ಬರನ್ನ ಹುಡುಕಿಕೋ."

ತೇವ್ನಾನ್ ಗಂಟಲು ಸರಿಮಾಡಿಕೊಂಡು, ಮುಚ್ಚಿದ ತುಟಿಗೆ ತೆರೆದ ಧ್ವನಿ ಕೂರುವುದಿಲ್ಲ ಅಂದ. ರೂವ್ರೇ ಸಿಗರೇಟು ಹಚ್ಚಿದ. ಹಾಗೇ ಉಳಿಯಿತು. ನೀನು ಸರಿ, ನಾನು ನೂರು ಸಲ ತಪ್ಪು ಹೇಳಿಸಿದ್ದೆ. ನಾಳೆ ಒಂದೇ ದೃಶ್ಯ ಇದೆ, ಬೇಗ ಮುಗಿಸೋಣ. ನಿನಗೂ ಸುಸ್ತಾಗಿರುತ್ತದೆ.

ಮಾರ್ಚ್ 9, 1954

ಬಿಡುಗಡೆಗೆ ಮೊದಲು ಇವತ್ತು ಬೆಳಿಗ್ಗೆ ಸಣ್ಣ ಪ್ರದರ್ಶನ, ನಮ್ಮವರಿಗೆ ಮಾತ್ರ. ಸ್ವಾಜಿಕ್‌ಳ ತಾಯಿಯನ್ನು ರೂವ್ರೇ ದ್ವಾರ್ನನೇಯಿಂದ ಕರೆಸಿದ್ದ. ಜೊತೆಗೆ ಆಕೆಯ ತಂಗಿ. ಇಬ್ಬರೂ ಕಪ್ಪುಡುಗೆ, ತಲೆಗೆ ಬಿಳಿಯ ಕಸೂತಿ ಟೋಪಿ. ಮುಂದಿನ ಸಾಲಿನಲ್ಲಿ, ಇಗರ್ಜಿಯಲ್ಲಿ ಕೂತ ಹಾಗೆ ಕೂತರು. ನಾನು ಹಿಂದೆ ಕೂತೆ.

ತೆರೆಯ ಮೇಲೆ ನನಗೆ ಯಾರದೋ ಧ್ವನಿ, ಅದೂ ಹತ್ತು ಮಾತು. ಕಿಟಕಿಯ ಬಳಿ ನನ್ನ ಬೆನ್ನು ಇದೆ. ಒಳ್ಳೆಯ ಬೆನ್ನು. ನನಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ.

ಮುಗಿದ ಮೇಲೆ ಆ ತಾಯಿ ಎಲ್ಲರನ್ನೂ ದಾಟಿ ನೆಟ್ಟಗೆ ನನ್ನ ಹತ್ತಿರ ಬಂದಳು. ಉಪ್ಪುನೀರು ತಿಂದ ಕೈ, ಮಗಳ ಕೈಯ ಹಾಗೆಯೇ ಗಾಯದ ಗೆರೆಗಳು. ನನ್ನ ಕೈ ಹಿಡಿದುಕೊಂಡಳು.

"ನೀವೇ ಅಲ್ರೀ, ನನ್ನ ಮಗಳಿಗೆ 'ನೀವು' ಅಂತಿದ್ದೋರು?"

ಹೌದು ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಈಗಷ್ಟೇ ತೆರೆಯಿಂದ ಕೇಳಿದ ಧ್ವನಿ ನನ್ನ ಗಂಟಲಿನಿಂದ ಬಂದರೆ ಆಕೆಗೆ ತಿಳಿಯದೆ ಇರುತ್ತದೆಯೇ? ಒಂದು ಮಾತು ಸಾಕು. ದೂರದಿಂದ ರೂವ್ರೇ ನನ್ನನ್ನೇ ನೋಡುತ್ತಿದ್ದ. ಅವನಿಗಾಗಿ ಅಲ್ಲ. ತಲೆ ಆಡಿಸಿದೆ.

"ಮಾತು ಭಾಳ ಬದಲಾಗಿತ್ರೀ ಅಕಿದು. ಪ್ಯಾರಿಸ್ಸಿನವರ ಗತೆ ಮಾತಾಡ್ಲಿಕತ್ತಿದ್ಲು. ಮೊದಲು ನನಗ ಗುರ್ತೇ ಹತ್ತಲಿಲ್ಲ." ಆಕೆ ಅಳುತ್ತಿರಲಿಲ್ಲ. "ಆದ್ರ ಕಡೀಗೆ 'ಅಮ್ಮ್' ಅಂದ್ಲಲ್ರೀ, ಅದು ನಮ್ಮ ಮನೀದು. ಅದನ್ನ ಯಾರಿಗೂ ತಿದ್ದಾಕ ಬಿಟ್ಟಿಲ್ಲ ನೋಡ್ರಿ ಅಕಿ. ಮುಖದ ಫೋಟೊ ಐತ್ರಿ ಮನ್ಯಾಗ. ಧ್ವನಿ ಇರ್ಲಿಲ್ಲ. ಈಗ ಸಿಕ್ತು."

ನಾನು ಮತ್ತೆ ತಲೆ ಆಡಿಸಿದೆ. ಆಕೆಯ ಕೈಯನ್ನು ಗಟ್ಟಿಯಾಗಿ ಒತ್ತಿದೆ. ಅಷ್ಟರಿಂದಲೇ ಅರ್ಥವಾಗಬೇಕಿತ್ತು, ಮೂಕಿ ಕಾಲದಲ್ಲಿ ಮುಖದಿಂದಲೇ ಹೊಟ್ಟೆ ಹೊರೆದವಳು ನಾನು.

"ನೀವು ಅಕಿ ಜೋಡಿ ದಿನಾ ಇದ್ದೋರು. ಹೆಂಗಿದ್ಲು, ಏನ್ ತಿಂತಿದ್ಲು. ಒಂದು ಮಾತು ಹೇಳ್ರಿ. ಅಷ್ಟು ದೂರದಿಂದ ಬಂದೀನಿ."

ಹೇಳುವುದು ಎಷ್ಟೊಂದು ಇತ್ತು. ಮೊಲದ ಮಾತು, ಎರಡು ಸುತ್ತು ಸಾರಾಯಿ, ಬಾಗಿಲು ತಟ್ಟದೆ ಒಳಗೆ ಬಂದದ್ದು. ಕಾರಿನಲ್ಲಿ ಜಾಗವಿತ್ತು ಎಂಬುದೂ. ಎಲ್ಲವೂ ಬಾಯಿಯವರೆಗೆ ಬಂತು. ಪಿಸುಗುಟ್ಟಿದರೂ ಅದೇ ಉಸಿರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಆಕೆ ಕಾದಳು. ಕಾದು, ನನ್ನ ಮುಖ ನೋಡಿ, ನನ್ನ ತುಪ್ಪಳದ ಕೋಟು ನೋಡಿ, ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ತಂಗಿ ಬಂದು ಏನೆಂದು ಕೇಳಿದಳು.

"ಏನಿಲ್ಲ ನಡಿ. ದೊಡ್ಡ ಮಂದಿ ಅವರು. ನಮ್ಮಂಥೋರ ಕೂಡ ಮಾತಾಡಂಗಿಲ್ಲ" ಅಂದಳು.

ಇಬ್ಬರೂ ಮೆಟ್ಟಿಲು ಇಳಿದು ಬೀದಿಗೆ ಹೋದರು. ನಾನು ಬಾಯಿ ತೆರೆಯಲಿಲ್ಲ.